ತಂಗಿಯ ಹದಿನಾಲ್ಕು ಮಣಿ

“ಅದೆಲ್ಲ ಇರ್ಲಿ, ನಿಮ್ಮ ಬುಗುರಿದು ಕೆಲಸ ಮಾಡ್ಬಿಟ್ಟಿದೆ, ಗೊತ್ತಾ?”

“ಏನು ಕೆಲಸ ಮಾಡಿದ್ದು? ಅವಳ ಮೊಬೈಲಾ?”

“ಪೆಪ್ಟೈಡು ಕಣೇ! ಅವಳ ಪೆಪ್ಟೈಡು! ಕ್ಯಾನ್ಸರ್ ಕೋಶಗಳು ಗಪ್‌ಚುಪ್. ಮೂರು ದಿನದಿಂದ ಒಂದು ಎರಡಾಗಿಲ್ಲ. ಮೇಡಂ ಎರಡೆರಡು ಸಲ ನೋಡಿದ್ರು. ಕನ್ನಡಕ ಹಾಕ್ಕೊಂಡು ಒಂದ್ಸಲ, ತೆಗೆದು ಒಂದ್ಸಲ.”

ಹೇಳಿದವನು ಉದ್ದಣ್ಣ. ನಮ್ಮ ಲ್ಯಾಬಿನಲ್ಲಿ ಕೋಶಗಳನ್ನು ಸಾಕುವ ಕೆಲಸ ಅವನದು. ಪ್ರತಿ ಬಾಗಿಲಲ್ಲೂ ತಲೆ ತಗ್ಗಿಸಿ ತಗ್ಗಿಸಿ ಅವನ ಕುತ್ತಿಗೆ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಆಗಿಹೋಗಿದೆ. ನಾನು ಕ್ಯಾಂಟೀನಿನ ಮೆಟ್ಟಿಲ ಮೇಲೆ ಟೀ ಹಿಡಿದು ಕೂತಿದ್ದೆ.

“ಅಯ್ಯೋ ಹೌದಾ! ಎಷ್ಟು ಖುಷಿ ಆಯ್ತು ಗೊತ್ತಾ!” ಎಂದೆ. ದನಿ ನನ್ನದೇ, ಆದರೆ ಅದು ದಿನಾ ಬರುವುದಕ್ಕಿಂತ ಒಂದು ಮೆಟ್ಟಿಲು ಮೇಲಿನಿಂದ ಬಂತು.

“ಟೀ ಚೆಲ್ತಾ ಇದೆ,” ಎಂದ ಉದ್ದಣ್ಣ.

“ಚೆಲ್ಲಲಿ ಬಿಡೋ, ಖುಷಿಗೆ.”

ಬುಗುರಿ ನನ್ನ ಚಿಕ್ಕಮ್ಮನ ಮಗಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಒಂದು ಕಡೆ ನಿಲ್ಲುವವಳಲ್ಲ, ಕೂತರೂ ಕಾಲು ಕುಣಿಯುತ್ತಿರುತ್ತದೆ, ಅದಕ್ಕೇ ಆ ಹೆಸರು. ಓದಲು ನಮ್ಮ ಮನೆಗೆ ಬಂದು ಎರಡು ವರ್ಷವಾಯಿತು. ನನ್ನ ರೂಮಿನಲ್ಲೇ ಮಲಗುತ್ತಾಳೆ, ನನ್ನ ಕಪಾಟಿನ ಕೆಳಗಿನ ಎರಡು ಅರೆ ಅವಳವು. ಹನ್ನೊಂದು ತಿಂಗಳ ಹಿಂದೆ ಅವಳನ್ನು ಲ್ಯಾಬ್ ನಡೆಸುವ ಮೇಡಂ ಹತ್ತಿರ ಕರೆದುಕೊಂಡು ಹೋಗಿ, “ಒಳ್ಳೇ ಹುಡುಗಿ ಮೇಡಂ, ಹೇಳಿದ ಮಾತು ಕೇಳ್ತಾಳೆ” ಎಂದು ಲ್ಯಾಬಿಗೆ ಸೇರಿಸಿದವಳು ಬೇರೆ ಯಾರೂ ಅಲ್ಲ. ನಾನೇ. ನನ್ನ ಕೈಯಾರೆ.

ಆ ಲ್ಯಾಬಿನಲ್ಲಿ ನಾವು ಏನು ಮಾಡುತ್ತೇವೆ ಎಂದು ಅಮ್ಮನಿಗೆ ಹೇಳುವ ಹಾಗೆಯೇ ಹೇಳಿಬಿಡುತ್ತೇನೆ. ನಮ್ಮ ಮೈಯ ಪ್ರತಿ ಕೋಶಕ್ಕೂ ಹೊರಗಿನಿಂದ “ಬೆಳಿ” ಎಂದು ಸುದ್ದಿ ಬರುತ್ತದೆ. ಕೋಶದ ಒಳಗೆ ಪ್ರೋಟೀನುಗಳು ಒಂದರ ಕೈ ಒಂದು ಹಿಡಿದು ಆ ಸುದ್ದಿಯನ್ನು ಒಳಮನೆಯವರೆಗೂ ದಾಟಿಸುತ್ತವೆ. ಒಳ್ಳೆಯ ಕೋಶದಲ್ಲಿ ಸುದ್ದಿ ಬಂದು ನಿಲ್ಲುತ್ತದೆ. ಕ್ಯಾನ್ಸರ್ ಕೋಶದಲ್ಲಿ ನಿಲ್ಲುವುದೇ ಇಲ್ಲ. ಒತ್ತಿದ ಕರೆಗಂಟೆ ಒಳಗೇ ಸಿಕ್ಕಿಕೊಂಡ ಹಾಗೆ ಬೆಳಿ ಬೆಳಿ ಬೆಳಿ ಎಂದು ಹೊಡೆದುಕೊಳ್ಳುತ್ತಲೇ ಇರುತ್ತದೆ. ಆ ಕೈಗಳ ನಡುವೆ ನುಗ್ಗಿ ಕೂತು, ಸುದ್ದಿ ದಾಟದ ಹಾಗೆ ತಡೆಯುವ ಒಂದು ಪುಟ್ಟ ಸರವನ್ನು ನಾವು ಪೋಣಿಸುತ್ತೇವೆ. ಅಮೈನೋ ಆಮ್ಲಗಳೇ ಮಣಿಗಳು. ಸರದ ಹೆಸರು ಪೆಪ್ಟೈಡ್.

ಮೂರು ವರ್ಷ ಎಂಟು ತಿಂಗಳಲ್ಲಿ ನಾನು ಅಂಥ ನಲವತ್ತೊಂದು ಸರ ಪೋಣಿಸಿದ್ದೆ. ಕೆಲವು ರಕ್ತದ ದ್ರವಕ್ಕೆ ಹಾಕಿದ ಅರ್ಧ ಗಂಟೆಯಲ್ಲಿ ಚೂರುಚೂರಾದವು. ಕೆಲವು ಗಂಟು ಕಟ್ಟಿಕೊಂಡು ಕೊಳವೆಯ ತಳದಲ್ಲಿ ಕೂತವು, ಅಲ್ಲಾಡಿಸಿದರೂ ಮೇಲೇಳಲಿಲ್ಲ. ಮೂವತ್ತೆಂಟನೆಯದೊಂದು ಮಾತ್ರ ಪರವಾಗಿಲ್ಲ ಎನ್ನುವ ಹಾಗಿತ್ತು. ಅದನ್ನು ಹಾಕಿದರೆ ಕ್ಯಾನ್ಸರ್ ಕೋಶಗಳು ಓಡುವುದನ್ನು ಬಿಟ್ಟು ನಡೆಯುತ್ತಿದ್ದವು. ನಿಲ್ಲುತ್ತಿರಲಿಲ್ಲ, ನಡೆಯುತ್ತಿದ್ದವು. ನನಗೆ ಅಷ್ಟು ಸಾಕಾಗಿತ್ತು. ಏಕೆಂದರೆ ಈ ವರ್ಷ ನಮ್ಮ ಲ್ಯಾಬಿನಿಂದ ಒಂದೇ ಒಂದು ಪೆಪ್ಟೈಡನ್ನು ಇಲಿಗಳ ಮೇಲೆ ಪರೀಕ್ಷಿಸಲು ಅನುಮತಿ. ಪ್ರಾಣಿ ಪ್ರಯೋಗ ಸಮಿತಿಯ ಫಾರಂನಲ್ಲಿ ಹೆಸರು ಬರೆಯಲು ಇರುವುದು ಒಂದೇ ಗೆರೆ. ಆ ಗೆರೆಯ ಮೇಲೆ ಮೂವತ್ತೆಂಟು ಎಂದು ಬಿದ್ದರೆ ನನ್ನ ಪ್ರಬಂಧದ ಕೊನೆಯ ಅಧ್ಯಾಯ ಮುಗಿಯುತ್ತದೆ, ಮುಂದಿನ ವರ್ಷ ನಾನು ಡಾಕ್ಟರು. ಬುಗುರಿಯದು ಬಿದ್ದರೆ ನಾನು ಬುಗುರಿಯ ಅಕ್ಕ.

ಅವಳು ನನ್ನದನ್ನು ಕದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಜಗಳ ಆಡಬಹುದಿತ್ತು. ಆದರೆ ಅವಳು ಕೇಳಿಯೇ ಮಾಡಿದ್ದಳು. ಒಂದು ದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬಚ್ಚಲ ಬಾಗಿಲಿಗೆ ಒರಗಿ, “ಅಕ್ಕಾ, ನಿನ್ನ ಮೂವತ್ತೆಂಟನೇದ್ರಲ್ಲಿ ಐದನೇ ಮಣಿಗೂ ಒಂಬತ್ತನೇ ಮಣಿಗೂ ಒಂದು ಕೊಂಡಿ ಹಾಕಿದ್ರೆ? ಸುರುಳಿ ಬಿಚ್ಚೋದೇ ಇಲ್ಲ ಅಲ್ವಾ? ಗಟ್ಟಿ ಕೂರತ್ತೆ ಅಲ್ವಾ?” ಎಂದು ಕೇಳಿದ್ದಳು.

“ಹಾಕ್ಕೋ ಹೋಗೇ,” ಎಂದಿದ್ದೆ ನಾನು, ಬಾಯಿತುಂಬ ನೊರೆ ಇಟ್ಟುಕೊಂಡು.

ಹಾಕಿಕೊಂಡಳು. ಹದಿನಾಲ್ಕು ಮಣಿ, ಒಂದು ಕೊಂಡಿ. ಅಷ್ಟೇ.

ಮಧ್ಯಾಹ್ನ ಮೇಡಂ ಬುಗುರಿ, ಉದ್ದಣ್ಣ, ನಾನು ಮೂವರನ್ನೂ ರೂಮಿಗೆ ಕರೆದರು. ಮೇಡಂ ಅಪರೂಪಕ್ಕೆ ನಗುವವರು, ನಕ್ಕರೆ ಏನೋ ತಪ್ಪಾಗಿದೆ ಎಂದು ನಾವು ಹೆದರುತ್ತೇವೆ. ಅವತ್ತು ಅವರು ನಗುತ್ತಿದ್ದರು. ಮೇಜಿನ ಮೇಲೆ ಬುಗುರಿಯ ಪ್ರಯೋಗದ, ಎಕ್ಸ್‌ರೇಯಂಥ ಫಿಲ್ಮ್ ಇತ್ತು. ಸುದ್ದಿ ದಾಟುತ್ತಿದ್ದರೆ ಅದರಲ್ಲಿ ಕಪ್ಪು ಪಟ್ಟಿ ಕಾಣಬೇಕು. ಪೆಪ್ಟೈಡ್ ಹಾಕಿದ ಕಡೆ ಪಟ್ಟಿ ಮಾಸಿ ಮಾಸಿ, ಯಾರೋ ರಬ್ಬರಿನಿಂದ ಉಜ್ಜಿದ ಹಾಗಿತ್ತು. ನನ್ನ ನಲವತ್ತೊಂದರಲ್ಲಿ ಯಾವುದೂ ಹಾಗೆ ಉಜ್ಜಿರಲಿಲ್ಲ.

“ಇಷ್ಟು ಚೆನ್ನಾಗಿ ಬಂದ್ರೆ ನಂಗೆ ಭಯ ಕಣಮ್ಮ,” ಎಂದರು ಮೇಡಂ. “ಇದು ನಿಜವಾಗ್ಲೂ ಸುದ್ದಿ ತಡೀತಾ ಇದ್ಯಾ, ಇಲ್ಲಾ ಕೋಶಕ್ಕೆ ಬರೀ ವಿಷವಾ? ಅದು ಗೊತ್ತಾಗ್ಬೇಕು. ಇದೇ ಹದಿನಾಲ್ಕು ಮಣಿ, ಇದೇ ಕೊಂಡಿ, ಆದ್ರೆ ಕ್ರಮ ಅದಲು ಬದಲು ಮಾಡಿ ಇನ್ನೊಂದು ಸರ ಬೇಕು. ಅದು ಕೆಲಸ ಮಾಡ್ಬಾರದು. ಅದೂ ಕೋಶಗಳನ್ನ ಕೊಂದ್ರೆ, ಇದೂ ವಿಷವೇ.”

“ನಾನ್ ಮಾಡ್ತೀನಿ ಮೇಡಂ!” ಬುಗುರಿ ಕುರ್ಚಿಯಿಂದ ಅರ್ಧ ಎದ್ದಿದ್ದಳು.

“ನೀನು ಬೇಡ, ಅಕ್ಕ ಮಾಡ್ಲಿ. ಸರ ಪೋಣಿಸೋದ್ರಲ್ಲಿ ಇವಳ ಕೈ ಬಿಟ್ರೆ ಇಲ್ಲ. ಎರಡು ವಾರ ಇದೆ. ಎರಡನೇ ವಾರದ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಫಾರಂ ಹೋಗತ್ತೆ. ಅಷ್ಟರೊಳಗೆ ಯಾವುದರ ಹೆಸರು ಬರೀಬೇಕು ಅಂತ ಗೊತ್ತಾಗ್ಬೇಕು.”

“ಹೌದು, ಅಕ್ಕಾನೇ ಮಾಡ್ಲಿ!” ಬುಗುರಿ ನನ್ನ ಕೈ ಹಿಡಿದುಕೊಂಡಳು. “ನಾನು ಮಾಡಿದ್ರೆ ನಂಗೇ ನಂಬಿಕೆ ಬರಲ್ಲ.”

ಕೈ ಬಿಡಿಸಿಕೊಳ್ಳಲು ನನಗೆ ಸುಮ್ಮನೆ ಒಂದು ಸೀನು ಬರಬೇಕಾಯಿತು.

ಮನೆಯಲ್ಲಿ ಇನ್ನೊಂದು ಮೆರವಣಿಗೆ. ಅಮ್ಮ ಚಿಕ್ಕಮ್ಮನಿಗೆ ಫೋನು ಮಾಡಿ, “ನಿನ್ನ ಮಗಳು ಕ್ಯಾನ್ಸರಿಗೆ ಔಷಧಿ ಕಂಡುಹಿಡಿದ್ಲು ಕಣೇ!” ಎಂದು ಅಕ್ಕಪಕ್ಕದ ಮೂರು ಮನೆಗೆ ಕೇಳುವ ಹಾಗೆ ಕೂಗಿದಳು.

“ಅಮ್ಮಾ, ತಟ್ಟೇಲಿರೋ ಕೋಶ ಅದು. ಮನುಷ್ಯರಲ್ಲ. ಇಲಿ ಕೂಡ ಅಲ್ಲ,” ಎಂದೆ.

ಅಮ್ಮ ಫೋನಿನ ಮೇಲೆ ಅಂಗೈ ಮುಚ್ಚಿಕೊಂಡು, “ನಿನ್ನ ತಟ್ಟೇಲಿ ಏನಿದೆ?” ಎಂದು ಕೇಳಿದಳು.

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ. ಅದೇ ದೊಡ್ಡ ಕಷ್ಟ. ಅಮ್ಮ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು, ನಿಜವಾಗಿಯೂ ಉತ್ತರಕ್ಕೆ ಕಾದಳು. ನಾನು, “ಊಟ,” ಎಂದೆ. ಬುಗುರಿ ಬಿದ್ದು ಬಿದ್ದು ನಕ್ಕಳು. ಅವಳಿಗೆ ನಾನು ಏನು ಹೇಳಿದರೂ ನಗು. ಚಿಕ್ಕಂದಿನಿಂದಲೂ ನನ್ನ ಬಾಲದ ಹಾಗೆ ತಿರುಗಿದವಳು. ನನ್ನ ಬಾಲಕ್ಕೆ ಈಗ ನನಗಿಂತ ಮುಂದೆ ಹೋಗುವ ದಾರಿ ಸಿಕ್ಕಿತ್ತು.

ನಾನು ಅದಲು ಬದಲಿನ ಸರ ಪೋಣಿಸಲು ಶುರು ಮಾಡಿದೆ. ಒಂದೊಂದೇ ಮಣಿ ಸೇರಿಸುವುದು, ತೊಳೆಯುವುದು, ಇನ್ನೊಂದು ಸೇರಿಸುವುದು, ತೊಳೆಯುವುದು. ಸುಳ್ಳು ಹೇಳುವುದಿಲ್ಲ, ಪೋಣಿಸುವಷ್ಟು ಹೊತ್ತು ಕೆಲಸ ಚೆನ್ನಾಗಿಯೇ ಮಾಡಿದೆ. ನನ್ನ ಕೈಗೆ ಕೆಟ್ಟದಾಗಿ ಪೋಣಿಸಲು ಬರುವುದಿಲ್ಲ. ಮನಸ್ಸು ಮಾತ್ರ ಒಂದೊಂದು ಮಣಿಗೂ ಒಂದೊಂದು ಹರಕೆ ಹೊತ್ತುಕೊಳ್ಳುತ್ತಿತ್ತು: ಕೊಲ್ಲು, ಕೋಶಗಳನ್ನು ಚೆನ್ನಾಗಿ ಕೊಲ್ಲು, ನಮ್ಮ ಬುಗುರಿಯದೂ ಬರೀ ವಿಷ ಅಂತ ಆಗಲಿ.

ಪೋಣಿಸಿ ಮುಗಿದ ಮೇಲೆ ಇನ್ನೊಂದು ಕೆಲಸವಿದೆ. ಸರವನ್ನು ಅದು ಅಂಟಿಕೊಂಡು ಬೆಳೆದ ಆಸರೆಯಿಂದ ಬಿಡಿಸಿ ಶುದ್ಧ ಮಾಡುವಾಗ ಒಂದು ಕಟುವಾದ ಆಮ್ಲ ಬಳಸುತ್ತೇವೆ. ಅದು ಮಣಿಗಳಿಗೆ ಕಚ್ಚಿಕೊಂಡು ಸರದ ಪುಡಿಯ ಜೊತೆಗೇ ಬಂದುಬಿಡುತ್ತದೆ. ಅದನ್ನು ಓಡಿಸಲು ಪುಡಿಯನ್ನು ಇನ್ನೊಂದು ತೀರ ತೆಳುವಾದ ಆಮ್ಲದಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ಫ್ರೀಜ್ ಡ್ರೈಯರಿನಲ್ಲಿ ಒಣಗಿಸಬೇಕು. ಒಂದು ಸಲಕ್ಕೆ ಒಂದು ದಿನ. ಹಾಗೆ ಮೂರು ಸಲ. ಡ್ರೈಯರಿನ ಮುಚ್ಚಳದ ಮೇಲೆ ಒಂದು ಹಳೆಯ ಚೀಟಿ ಇದೆ: ಮೂರು ಸಲ, ಮೂರು ಅಂದ್ರೆ ಮೂರು. ಅಕ್ಷರ ನನ್ನದೇ. ಹೊಸಬರೆಲ್ಲ ಒಂದೇ ಸಲಕ್ಕೆ ತೆಗೆದುಬಿಡುತ್ತಾರೆಂದು ಎರಡು ವರ್ಷದ ಹಿಂದೆ ನಾನೇ ಸಿಟ್ಟಿನಿಂದ ಬರೆದದ್ದು.

ಮೊದಲನೆಯ ಸಲ ಒಣಗಿಸಿ ತೆಗೆದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಆಸ್ಪತ್ರೆಯಿಂದ ಇಬ್ಬರು ಡಾಕ್ಟರು ಲ್ಯಾಬ್ ನೋಡಲು ಬಂದರು. ಮೇಡಂ ಅವರನ್ನು ನೇರ ಬುಗುರಿಯ ಮೇಜಿಗೆ ಕರೆದುಕೊಂಡು ಹೋದರು. ನಾನು ಗಾಜಿನ ಈಚೆಯಿಂದ ನೋಡುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ. ಬುಗುರಿ ಎರಡೂ ಕೈಯಿಂದ ಗಾಳಿಯಲ್ಲಿ ಸುರುಳಿ ಬರೆಯುತ್ತಿದ್ದಳು, ಕೊಂಡಿ ಹಾಕುತ್ತಿದ್ದಳು. ಡಾಕ್ಟರುಗಳು ತಲೆ ಆಡಿಸುತ್ತಿದ್ದರು. ಆಮೇಲೆ ಮೇಡಂ ಅವಳ ಹೆಗಲ ಮೇಲೆ ಕೈ ಇಟ್ಟರು.

ಮೂರು ವರ್ಷ ಎಂಟು ತಿಂಗಳಲ್ಲಿ ಆ ಕೈ ನನ್ನ ಹೆಗಲ ಮೇಲೆ ಒಂದು ಸಲವೂ ಬಂದಿರಲಿಲ್ಲ. ಒಂದು ಸಲ ಬೆನ್ನಿನ ಮೇಲೆ ಬಂದಿತ್ತು, ಅದೂ ನನ್ನ ಕೋಟಿಗೆ ಅಂಟಿದ್ದ ಟೇಪ್ ಕೀಳಲು.

ಪುಡಿಯ ಕೊಳವೆ ಕೈಯಲ್ಲೇ ಇತ್ತು. ಇನ್ನೂ ಎರಡು ದಿನ ಇವಳಿಗಾಗಿ ಇದನ್ನು ಕರಗಿಸಿ, ಒಣಗಿಸಿ, ಕರಗಿಸಿ, ಒಣಗಿಸಿ ಕೂರಬೇಕಾ? ಸಾಕು. ಇವಳ ಕೆಲಸಕ್ಕೆ ಒಂದು ಸಲ ಸಾಕು. ಕೊಳವೆಗೆ ಚೀಟಿ ಅಂಟಿಸಿದೆ. ನೋಟ್‌ಬುಕ್ಕಿನಲ್ಲಿ ಒಣಗಿಸುವ ಪುಟ ತೆಗೆದು, ಮೂರು ಚೌಕಕ್ಕೂ ಟಿಕ್ ಹಾಕಿದೆ. ಕೈಗೆ ಅಭ್ಯಾಸ, ಹಾಕಿಬಿಟ್ಟಿತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಉದ್ದಣ್ಣನಿಗೆ ಕೊಟ್ಟೆ.

“ಇಷ್ಟು ಬೇಗ?”

“ನನ್ನ ಕೈ ಬೇಗ ಕಣೋ.”

ಮೂರು ದಿನ ಬಿಟ್ಟು, ಬುಧವಾರ, ಪ್ಲೇಟ್ ಹೊರಗೆ ಬಂತು. ತೊಂಬತ್ತಾರು ಗುಳಿಗಳ ಪುಟ್ಟ ತಟ್ಟೆ ಅದು. ಉದ್ದಣ್ಣ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದ, ನೆಟ್ಟಗಾದ, ಮತ್ತೆ ಬಗ್ಗಿದ. “ಅಯ್ಯೋ,” ಎಂದ. ಅದಲು ಬದಲಿನ ಸರ ಹಾಕಿದ ಗುಳಿಗಳಲ್ಲಿ ಒಂದೇ ಒಂದು ಕೋಶ ಉಳಿದಿರಲಿಲ್ಲ. ಬುಗುರಿಯದಕ್ಕಿಂತ ಜೋರಾಗಿ ಕೊಂದಿತ್ತು.

ನನಗೆ ಕುಣಿಯಬೇಕೆನಿಸಿತು. ಅದಕ್ಕೆ ಬದಲು ಫೋನು ತೆಗೆದು ಪ್ಲೇಟಿನ ಫೋಟೋ ಹೊಡೆದೆ. ಹತ್ತಿರದಿಂದ ಒಂದು, ದೂರದಿಂದ ಒಂದು. ಮುಖವನ್ನು ಆದಷ್ಟು ಬೇಜಾರಾದ ಹಾಗೆ ಮಾಡಿಕೊಂಡು, “ಪಾಪ,” ಎಂದೆ.

ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಹಂಗಾದ್ರೆ ಇದು ಬರೀ ವಿಷ. ಸುದ್ದೀನೂ ಇಲ್ಲ, ತಡೆಯೋದೂ ಇಲ್ಲ. ಕೋಶ ಸಾಯ್ತಾ ಇದ್ರೆ ಪಟ್ಟಿ ಮಾಸದೇ ಇನ್ನೇನು? ಸರಿ, ಮೂವತ್ತೆಂಟೇ ಹೋಗ್ಲಿ. ಅದು ನಿಧಾನ, ಆದ್ರೆ ಪ್ರಾಮಾಣಿಕ.” ಬಾಗಿಲವರೆಗೆ ಬಂದು, ನನ್ನ ಹೆಗಲ ಮೇಲೆ ಕೈ ಇಟ್ಟರು. “ನೀನಿಲ್ದಿದ್ರೆ ಮರ್ಯಾದೆ ಹೋಗ್ತಿತ್ತಮ್ಮ.”

ಕೈ ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು.

ಬುಗುರಿ ಅವತ್ತು ಮೊದಲ ಸಲ ಕಾಲು ಕುಣಿಸದೆ ಕೂತದ್ದನ್ನು ನೋಡಿದೆ. ಅತ್ತಿದ್ದರೆ ನಾನು ಸಮಾಧಾನ ಮಾಡಿ ದೊಡ್ಡವಳಾಗುತ್ತಿದ್ದೆ. ಅವಳು ಅಳಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ನೋಡುತ್ತಾ, “ನೀನು ಮಾಡಿದ್ದು ಒಳ್ಳೇದಾಯ್ತು ಅಕ್ಕಾ. ಇಲ್ದಿದ್ರೆ ಇಲಿಗಳಿಗೆ ನಾನೇ ವಿಷ ಹಾಕ್ಬಿಡ್ತಿದ್ದೆ,” ಎಂದಳು. ಒಂದು ಮಾತಿಗಾದರೂ ನಿನ್ನ ಸರ ಸರಿಯಿತ್ತಾ ಎಂದು ಕೇಳಲಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಪಕ್ಕದಲ್ಲಿ ಕೂತು ಅದಕ್ಕೂ ನನಗೆ ಹೊಟ್ಟೆ ಉರಿಯಿತು, ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಹೇಗೆ ಬರುತ್ತದೆ ಎಂದು.

ಗುರುವಾರ ಊಟದ ಹೊತ್ತಿಗೆ ಅವಳು ಕ್ಯಾಂಟೀನಿಗೆ ಬಂದು ನನ್ನ ಎದುರು ಕೂತಳು.

“ಅಕ್ಕಾ, ನಿನ್ನೆ ಪ್ಲೇಟಿನ ಫೋಟೋ ಕಳ್ಸು. ರಿಪೋರ್ಟಿಗೆ ಬೇಕು.”

“ಏನ್ ರಿಪೋರ್ಟೇ? ಮುಗೀತಲ್ಲ.”

“ಸೋತಿದ್ದೂ ಬರೀಬೇಕಲ್ವಾ? ಕಳ್ಸು, ನಾನು ಫ್ರಿಜ್ ಕಡೆ ಹೋಗಿರ್ತೀನಿ.” ತಟ್ಟೆಯಲ್ಲಿದ್ದದ್ದನ್ನು ಎರಡು ತುತ್ತಿಗೆ ಮುಗಿಸಿ ಹೋದಳು.

ಕಳಿಸುವ ಮೊದಲು ಅಂಚು ಕತ್ತರಿಸೋಣ ಎಂದು ಫೋಟೋ ತೆಗೆದು ಎರಡು ಬೆರಳಿನಿಂದ ದೊಡ್ಡದು ಮಾಡಿದೆ. ಕೈ ಅಲ್ಲೇ ನಿಂತಿತು.

ಕೋಶಗಳಿಗೆ ನಾವು ಹಾಕುವ ಆಹಾರದ ದ್ರವ ನಸುಗೆಂಪು ಬಣ್ಣದ್ದು. ಹುಳಿಯಾದರೆ ಹಳದಿಯಾಗುತ್ತದೆ. ಕೋಶಗಳು ತಿಂದು ಕುಡಿದು ಮರಿ ಹಾಕಿದರೆ ಅವುಗಳ ಕಸದಿಂದ ಹುಳಿಯಾಗುತ್ತದೆ. ಸತ್ತರೆ ಕಸವೂ ಇಲ್ಲ, ಹುಳಿಯೂ ಇಲ್ಲ, ಬಣ್ಣ ಕೆಂಪಗೇ ಇರಬೇಕು. ಇದು ಮೊದಲ ವಾರವೇ ಎಲ್ಲರಿಗೂ ಗೊತ್ತಾಗುವ ವಿಷಯ. ಬುಗುರಿಯ ಪೆಪ್ಟೈಡ್ ಹಾಕಿದ ಗುಳಿಗಳು ಕೆಂಪಗಿದ್ದವು. ನನ್ನ ಅದಲು ಬದಲಿನ ಸರ ಹಾಕಿದ ಗುಳಿಗಳಲ್ಲಿ ಒಂದೂ ಜೀವ ಇರಲಿಲ್ಲ. ಆದರೂ ಅವು ಹಳದಿ. ನಿಂಬೆಹಣ್ಣಿನ ಸಿಪ್ಪೆಯಷ್ಟು ಹಳದಿ.

ಹುಳಿ ಕೋಶದಿಂದ ಬಂದಿರಲಿಲ್ಲ. ನನ್ನ ಕೊಳವೆಯಿಂದ ಬಂದಿತ್ತು.

ತಟ್ಟೆ ಅಲ್ಲೇ ಬಿಟ್ಟು ಲ್ಯಾಬಿಗೆ ಓಡಿದೆ. ಪುಡಿಗಳನ್ನು ಇಡುವ ಡಬ್ಬಿಯಿಂದ ಉಳಿದಿದ್ದ ನನ್ನ ಪುಡಿ ತೆಗೆದು ಒಂದು ಚಿಟಿಕೆಯನ್ನು ನೀರಿಗೆ ಹಾಕಿ, ಹುಳಿಯಿದ್ದರೆ ಕೆಂಪಾಗುವ ಪಿಎಚ್ ಪಟ್ಟಿ ಅದ್ದಿದೆ. ಅದ್ದುತ್ತಲೇ ಪಟ್ಟಿ ಕೆಂಪಾಯಿತು. ಬುಗುರಿಯ ಪುಡಿಯಿಂದ ಒಂದು ಚಿಟಿಕೆ, ಇನ್ನೊಂದು ಪಟ್ಟಿ. ಅದು ತನ್ನ ಬಣ್ಣದಲ್ಲೇ ಇತ್ತು. ಹೌದು, ಅವಳು ಮೂರು ಸಲ ಒಣಗಿಸಿದ್ದಳು. ಚೀಟಿಯಲ್ಲಿ ಬರೆದದ್ದನ್ನು ಓದಿ, ಬರೆದವಳು ಅಕ್ಕ ಎಂದು ನಂಬಿ, ಮೂರು ಅಂದರೆ ಮೂರು ಮಾಡಿದ್ದಳು.

ಕೋಶಗಳನ್ನು ಕೊಂದದ್ದು ಸರವಲ್ಲ. ನಾನು ಓಡಿಸದೆ ಬಿಟ್ಟ ಆಮ್ಲ.

ಸ್ಟೂಲಿನ ಮೇಲೆ ಕೂತೆ. ಉದ್ದಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ.

“ಏನೇ, ಮುಖ ಯಾಕೆ ಹಿಂಗೆ ಬಿಳಿಚ್ಕೊಂಡಿದೆ?”

“ಉದ್ದಣ್ಣ, ಆ ಪ್ಲೇಟು… ಹಾಕಿದ ತಕ್ಷಣ ಹಳದಿ ಆಗಿತ್ತಾ?”

ಅವನು ತಲೆ ಕೆರೆದುಕೊಂಡ. “ಸ್ವಲ್ಪ ಆಗಿತ್ತು. ನಂಗೂ ಏನಪ್ಪಾ ಅನ್ನಿಸ್ತು. ಆಮೇಲೆ, ನಿನ್ ಕೈದಲ್ವಾ, ನೀನು ತಪ್ಪು ಮಾಡ್ತೀಯಾ ಅಂತ ಸುಮ್ನಾದೆ.” ಅಷ್ಟು ಹೇಳಿ, ಯಾವುದೋ ಸೀಸೆ ತೆಗೆದುಕೊಂಡು ಸೀಟಿ ಹಾಕುತ್ತಾ ಹೋದ.

ನೋಡಿದ ಒಬ್ಬನೂ ಸುಮ್ಮನಾಗಿದ್ದ. ನೋಟ್‌ಬುಕ್ಕಿನಲ್ಲಿ ಮೂರು ಟಿಕ್ ಇತ್ತು. ಫಾರಂ ಮೇಡಂ ಮೇಜಿನ ಮೇಲಿತ್ತು, ಒಂದು ಗೆರೆಯ ಮೇಲೆ ಮೂವತ್ತೆಂಟು ಎಂದು ಬರೆದಾಗಿತ್ತು. ಇನ್ನು ಇಪ್ಪತ್ತೆರಡು ಗಂಟೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮುಂದೆ ಯಾವತ್ತಾದರೂ ಸಿಕ್ಕಿಬಿದ್ದರೆ, ಅಯ್ಯೋ ಗಮನಿಸಲೇ ಇಲ್ಲ ಎನ್ನಬಹುದು. ನನ್ನ ಮೂವತ್ತೆಂಟೂ ಕೆಟ್ಟದ್ದೇನಲ್ಲ. ಪ್ರಾಮಾಣಿಕ ಎಂದು ಮೇಡಂ ಅವರೇ ಹೇಳಿದ್ದಾರೆ. ನಾನು ಎರಡು ಪಟ್ಟಿಗಳನ್ನೂ ಮಡಚಿ ಕೋಟಿನ ಜೇಬಿಗೆ ತುರುಕಿದೆ.

ಆಗ ಬುಗುರಿ ಪಕ್ಕದ ಕೋಣೆಯಿಂದ ಬಂದಳು. ಕೈಯಲ್ಲಿ ಒಂದು ಕೊಳವೆಗಳ ಸ್ಟ್ಯಾಂಡು. ಅದರಲ್ಲಿ ಅವಳ ಪೆಪ್ಟೈಡಿನ ಅಷ್ಟೂ ಕರಗಿಸಿಟ್ಟ ದ್ರಾವಣ. ನೇರ ತ್ಯಾಜ್ಯದ ಡಬ್ಬಿಯ ಹತ್ತಿರ ಹೋಗಿ ಕಾಲಿನಿಂದ ಮುಚ್ಚಳ ತೆರೆದಳು.

“ಏನ್ ಮಾಡ್ತಿದ್ದೀಯೇ?”

“ಫ್ರಿಜ್ಜಲ್ಲಿ ಜಾಗ ಮಾಡ್ತಿದ್ದೀನಿ. ಇಲಿಗಳಿಗೆ ಅಂದ್ರೆ ನಿನ್ನ ಮೂವತ್ತೆಂಟು ಗ್ರಾಂಗಟ್ಟಲೆ ಬೇಕಲ್ಲ, ಎಲ್ಲಿಡ್ತೀಯ?” ಮೊದಲ ಕೊಳವೆಯ ಮುಚ್ಚಳ ತಿರುಗಿಸಿದಳು. “ಆ ಡಬ್ಬೀಲಿರೋ ಪುಡೀನೂ ಕೊಡು, ಒಟ್ಟಿಗೆ ಹಾಕ್ಬಿಡ್ತೀನಿ.”

“ಅಲ್ಲೇ ಇಡು.”

“ಹಾಂ?”

“ಇಡು ಅಂದ್ರೆ ಇಡೇ!”

ನಾನು ಅಷ್ಟು ಜೋರಾಗಿ ಕೂಗಿದ್ದು ನನಗೇ ಗೊತ್ತಾಗಲಿಲ್ಲ. ಬುಗುರಿ ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟಳು. ನಾನು ಜೇಬಿನಿಂದ ಮುದುಡಿದ ಎರಡು ಪಟ್ಟಿ ತೆಗೆದು ಅವಳ ಮುಂದಿಟ್ಟೆ. “ಕೆಂಪಗಿರೋದು ನಂದು. ಇನ್ನೊಂದು ನಿಂದು.”

ಅವಳಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ದಡ್ಡಿಯಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಪಟ್ಟಿ ನೋಡಿದಳು, ಡ್ರೈಯರ್ ಕಡೆ ನೋಡಿದಳು.

“ಎಷ್ಟು ಸಲ ಒಣಗಿಸಿದ್ದೆ?”

“ಒಂದ್ಸಲ.”

“ನೋಟ್‌ಬುಕ್ಕಲ್ಲಿ?”

“ಮೂರು.”

“ಬೇಕಂತ ಮಾಡಿದ್ಯಾ?”

“ಇಲ್ಲ.”

“ನಿಜ ಹೇಳು.”

“ಹಿಂಗಾಗತ್ತೆ ಅಂತ ಲೆಕ್ಕ ಹಾಕಿ ಮಾಡ್ಲಿಲ್ಲ ಕಣೇ, ಆಣೆಗೂ. ಆದ್ರೆ…” ಡ್ರೈಯರಿನ ಮೇಲಿನ ನನ್ನ ಚೀಟಿಯ ಕಡೆ ನೋಡಿದೆ. “ಬೇರೆ ಯಾರದ್ದಾದ್ರೂ ಆಗಿದ್ರೆ ಮೂರು ಸಲ ಒಣಗಿಸ್ತಿದ್ದೆ.”

ಬುಗುರಿಯ ಕಿವಿಯ ತುದಿ ಕೆಂಪಾಗುತ್ತಾ ಬಂತು. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ಹೀಗೆಯೇ ಆಗುತ್ತಿತ್ತು. ಆಮೇಲೆ ಅವಳು ಮಾತಾಡಿದ್ದು ನಾನು ಹೆದರಿದ್ದಕ್ಕಿಂತ ಮೆಲ್ಲಗೆ.

“ನಿನ್ನ ಹಳೇ ಸೈಕಲ್ ತುಳ್ದು ಬೆಳ್ದೋಳು ನಾನು. ನಿನ್ನ ಹಳೇ ಪುಸ್ತಕ, ನಿನ್ನ ಹಳೇ ಸ್ವೆಟರ್. ಇದೂ ನಿನ್ನ ಮೂವತ್ತೆಂಟೇ, ನಂಗೆ ಗೊತ್ತಿಲ್ವಾ? ಬರೀ ಆ ಕೊಂಡಿ ನಂದು. ಒಂದು ಕೊಂಡಿ ಕಣಕ್ಕಾ. ಅಷ್ಟಾದ್ರೂ ನಂಗೆ ಬಿಡ್ಬಾರ್ದಾಗಿತ್ತಾ?”

“ಬುಗುರಿ…”

“ಹಂಗ್ ಕರೀಬೇಡ ಈಗ.” ಅವಳು ಕೊಳವೆಗಳನ್ನು ಒಂದೊಂದಾಗಿ ಬಿಗಿ ಮಾಡಿದಳು. “ನಿನ್ನೆಯಿಂದ ನಾನು ವಿಷ ಮಾಡಿದೀನಿ ಅಂತ ತಿಳ್ಕೊಂಡು ಓಡಾಡಿದೆ. ರಾತ್ರಿ ನಿನ್ನ ಪಕ್ಕದಲ್ಲೇ ಮಲಗಿದ್ದೆ. ನೀನು ಚೆನ್ನಾಗಿ ಗೊರಕೆ ಹೊಡೀತಿದ್ದೆ.”

“ಆಗ ನಂಗೂ ಗೊತ್ತಿರ್ಲಿಲ್ವಲ್ಲೇ. ಈಗ ತಾನೆ ನೋಡ್ದೆ.”

“ಮೇಡಂಗೆ ನೀನೇ ಹೇಳು. ನಾನು ಹೇಳಲ್ಲ. ನಾನು ಹೇಳಿದ್ರೆ ಸೋತಿದ್ದಕ್ಕೆ ಅಕ್ಕನ ಮೇಲೆ ಚಾಡಿ ಹೇಳ್ತಾಳೆ ಅಂತಾರೆ.” ಅವಳು ಕೈಕಟ್ಟಿ ಮೇಜಿಗೆ ಒರಗಿದಳು. ಹೋಗಲಿಲ್ಲ. ನಾನು ಫೋನು ಮಾಡುವುದನ್ನು ನೋಡಲು ನಿಂತಳು.

ಮೇಡಂ ಊರಾಚೆಯ ಯಾವುದೋ ಸಭೆಯಲ್ಲಿದ್ದರು. ನಾಲ್ಕನೆಯ ಸಲಕ್ಕೆ ಎತ್ತಿದರು. ಹಿಂದೆ ಯಾರೋ ಮೈಕಿನಲ್ಲಿ ಕೆಮ್ಮುತ್ತಿದ್ದರು.

“ಏನಮ್ಮ, ಫಾರಂನಲ್ಲಿ ಏನಾದ್ರೂ ಬಿಟ್ಟುಹೋಯ್ತಾ?”

“ಮೇಡಂ, ನಾನು ಮಾಡಿದ ಸರ ಸರಿಯಿಲ್ಲ. ಅದಲು ಬದಲಿನದ್ದು. ಒಂದೇ ಸಲ ಒಣಗಿಸಿದ್ದೆ, ಮೂರು ಅಂತ ಬರೆದೆ. ಅದರಲ್ಲಿ ಆಮ್ಲ ಹಂಗೇ ಇದೆ. ಕೋಶ ಸತ್ತಿದ್ದು ಅದಕ್ಕೆ. ಈಗ ಪಟ್ಟಿ ಅದ್ದಿ ನೋಡ್ದೆ.” ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಬೈದರೂ ಪರವಾಗಿಲ್ಲ, ಬೈಗುಳವಾದರೂ ಪೂರ್ತಿ ನನ್ನದೇ ಆಗಿರುತ್ತದಲ್ಲ ಎಂದುಕೊಂಡೆ.

ಆ ಕಡೆ ಕುರ್ಚಿ ಸರಿದ ಸದ್ದು. ಮೇಡಂ ಎದ್ದು ಹೊರಗೆ ಬಂದಿರಬೇಕು, ಮೈಕಿನ ಕೆಮ್ಮು ನಿಂತಿತು.

“ಹಂಗಾದ್ರೆ ಅವಳದ್ದು ನಿಜವಾಗ್ಲೂ ಕೆಲಸ ಮಾಡ್ತಿರಬಹುದು?” ಎಂದರು. ದನಿಯಲ್ಲಿ ಆ ಅಪರೂಪದ ನಗು ಇತ್ತು.

ಮೊದಲ ಮಾತು ನನ್ನ ಬಗ್ಗೆ ಇರಲೇ ಇಲ್ಲ. ತಪ್ಪು ಮಾಡಿದವಳು ನಾನು, ಸುಳ್ಳು ಬರೆದವಳು ನಾನು, ಒಪ್ಪಿಕೊಂಡವಳು ನಾನು. ಆದರೂ ಸುದ್ದಿ ಅವಳದೇ. ಆ ಹೊಟ್ಟೆಯುರಿ ತಪ್ಪು ಒಪ್ಪಿಕೊಂಡರೆ ತಣ್ಣಗಾಗುತ್ತದೆ ಎಂದು ನನಗೆ ಯಾರು ಹೇಳಿದ್ದರೋ.

“ಇರಬಹುದು ಮೇಡಂ,” ಎಂದೆ. “ಸರಿಯಾಗಿ ಒಣಗಿಸಿ ಮತ್ತೆ ಕೋಶಕ್ಕೆ ಹಾಕಿ ನೋಡ್ಬೇಕು. ಐದು ದಿನ ಬೇಕು.” ಆ ಐದು ದಿನದ ಕೊನೆಗೂ ಅದು ಕೊಲ್ಲಲಿ ಎಂದು ಮನಸ್ಸಿನ ಒಂದು ಮೂಲೆ ಆಗಲೇ ಹರಕೆ ಹೊರುತ್ತಿತ್ತು. ಅದರ ಬಾಯಿ ಮುಚ್ಚಿಸಲು ನನಗೆ ಆಗಲಿಲ್ಲ.

“ಸಮಿತಿಯವರ ಹತ್ರ ಒಂದು ವಾರ ಕೇಳ್ತೀನಿ. ಕೊಡ್ತಾರೋ ಇಲ್ವೋ, ಕೇಳ್ತೀನಿ. ಫಾರಂ ಯಾರೂ ಮುಟ್ಬೇಡಿ.” ಆಮೇಲೆ ದನಿ ಬದಲಾಯಿಸಿ, “ನಿನ್ ಹತ್ರ ಬೇರೆ ಮಾತಾಡೋದಿದೆ. ಟಿಕ್ ಹಾಕಿದ್ದು ಸಣ್ಣ ವಿಷಯ ಅಲ್ಲ, ಗೊತ್ತಲ್ವಾ?”

“ಗೊತ್ತು ಮೇಡಂ.”

“ಇನ್ನು ಮೇಲೆ ಆ ಸರ ನೀನು ಮುಟ್ಬೇಡ. ನಿನ್ನ ತಂಗಿ ಪಕ್ಕದಲ್ಲಿದ್ದಾಳಾ?”

ಬುಗುರಿಯ ಕಡೆ ನೋಡಿದೆ. ಅವಳ ಒಂದು ಕಾಲು ಮೆಲ್ಲಗೆ ನೆಲ ತಟ್ಟಲು ಶುರು ಮಾಡಿತ್ತು. “ಇದ್ದಾಳೆ.”

“ಅವಳನ್ನೂ ಕರ್ಕೊಂಡು ಬಾ. ನಾಳೆ ಬೆಳಿಗ್ಗೆ ಎಂಟೂವರೆಗೆ, ನನ್ನ ರೂಮಿಗೆ. ಇಬ್ರೂ.”

ಫೋನು ಇಟ್ಟೆ. “ಎಂಟೂವರೆಗಂತೆ. ಇಬ್ರೂ ಹೋಗ್ಬೇಕಂತೆ,” ಎಂದೆ.

“ಏಳೂಮುಕ್ಕಾಲಿನ ಬಸ್ಸಿಗೆ ಹೋಗ್ಬೇಕು ಹಂಗಾದ್ರೆ,” ಎಂದಳು ಬುಗುರಿ. “ನೀನು ಮುಂದಿನ ಬಾಗಿಲಲ್ಲಿ ಹತ್ತು. ನಾನು ಹಿಂದಿನ ಬಾಗಿಲಲ್ಲಿ ಹತ್ಕೋತೀನಿ.”